ಮೆರವಣಿಗೆ ಸಾಕು, ಮಕ್ಕಳ ಕೈಗೆ ಅಳತೆ ಟೇಪು ಕೊಡಿ

ನಮಸ್ಕಾರ. ನಾನು ನಿಪ್ಪಾಣಿ ಕಡೆಯವನು. ನಮ್ಮ ಅವ್ವ ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಅಂಗಳದಲ್ಲಿ ನಿಂತು ಸೆರಗು ಕೊಡವಿದಳೆಂದರೆ ಒಳಗೆ ಕುಳಿತ ನಮಗೆಲ್ಲ ಸೀನು ಬರುತ್ತಿತ್ತು. ಆ ಕೂಲಿಯಲ್ಲೇ ನಾನು ಓದಿದ್ದೇನೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಭಾಗದ ಎಷ್ಟೋ ಮಕ್ಕಳು ಇಂಥ ಮನೆಗಳಿಂದಲೇ ಶಾಲೆಗೆ ಬರುತ್ತಾರೆ. ತಂಬಾಕು ಬೆಳೆಯುವವರು, ಬೀಡಿ ಕಟ್ಟುವವರು ಕೆಟ್ಟವರು ಎಂದು ಆ ಮಕ್ಕಳ ಮುಂದೆ ಭಾಷಣ ಮಾಡಿದರೆ ಅವರು ತಲೆ ತಗ್ಗಿಸುತ್ತಾರೆ. ತಲೆ ತಗ್ಗಿಸಿದ ಮಗು ಯಾವ ಹೋರಾಟಕ್ಕೂ ಬರುವುದಿಲ್ಲ.

ಮೇ 31 ವಿಶ್ವ ತಂಬಾಕುರಹಿತ ದಿನ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತು. ಒಂದು ಜಾಥಾ, ಒಂದು ಪ್ರತಿಜ್ಞೆ, ಮಕ್ಕಳ ಕೈಯಲ್ಲಿ ಫಲಕ. ಕೆಲವೆಡೆ ಗುಲಾಬಿ ಆಂದೋಲನವೂ ನಡೆಯುತ್ತದೆ, ಮಕ್ಕಳು ಅಂಗಡಿಯವರಿಗೆ ಹೂವು ಕೊಟ್ಟು ಬಿನ್ನವಿಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಘೋಷಣೆ ಬರೆದವರು ನಾವು, ದಾರಿ ಗೊತ್ತು ಮಾಡಿದವರು ನಾವು, ಮಕ್ಕಳು ನಡೆದದ್ದಷ್ಟೇ. ಹದಿನೈದು ವರ್ಷದ ಹುಡುಗ, ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಕೆಲಸ ಮಾಡುವ ಬುದ್ಧಿಯೂ ಇದೆ, ಹಟವೂ ಇದೆ.

ಶಾಲೆಯ ಗೇಟಿನ ಎದುರಿನ ಒಂದು ಅಂಗಡಿಯನ್ನು ಹತ್ತಿರದಿಂದ ನೋಡಿ. ಕೆಳಗೆ ಪೆಪ್ಪರ್‌ಮಿಂಟ್ ಡಬ್ಬಿ, ಚಿಕ್ಕಿ, ಪೆನ್ನು. ಮೇಲೆ ತೋರಣದಂತೆ ಇಳಿಬಿದ್ದ ಚೀಟಿಗಳು, ಅಂದರೆ ಪಾನ್ ಮಸಾಲೆ, ತಂಬಾಕಿನ ಪುಟ್ಟ ಪೊಟ್ಟಣಗಳು. ಎಂಟನೆಯ ತರಗತಿಯ ಹುಡುಗನ ಕಣ್ಣಿಗೆ ಸರಿಯಾಗಿ ಅವು ತೂಗುತ್ತಿರುತ್ತವೆ. ರಾಜ್ಯದಲ್ಲಿ ಗುಟಕಾ 2013ರಲ್ಲೇ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಆದವು. ಎರಡನ್ನೂ ಹರಿದು ಒಂದೇ ಅಂಗೈಗೆ ಸುರಿದುಕೊಂಡರೆ ಅದೇ ಗುಟಕಾ. ಹುಡುಗರಿಗೆ ಈ ಲೆಕ್ಕ ಗೊತ್ತಿದೆ, ಸಿಗರೇಟನ್ನು ಬಿಡಿಯಾಗಿ ಎಲ್ಲಿ ಕೊಡುತ್ತಾರೆ ಎಂಬುದೂ ಗೊತ್ತಿದೆ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಕಾಯ್ದೆಯ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯಿಂದ 100 ಮೀಟರ್ ಒಳಗೆ ಮಾರುವಂತಿಲ್ಲ, ಬಿಡಿ ಸಿಗರೇಟು ಕೊಡುವಂತೆಯೂ ಇಲ್ಲ. ಇದನ್ನು ಮಾತ್ರ ಅವರಿಗೆ ಯಾರೂ ತಿಳಿಸಿಲ್ಲ.

ಕಳೆದ ವರ್ಷ ಒಂದು ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ತಿಳಿಸಿ, ಆ 100 ಮೀಟರನ್ನು ಅವರಿಂದಲೇ ಅಳೆಸಿ ನೋಡಿದೆ. ಗವಂಡಿಗಳು ಬಳಸುವ 30 ಮೀಟರಿನ ಟೇಪು ಒಂದನ್ನು ಒಯ್ದಿದ್ದೆ. ಕಾಂಪೌಂಡ್ ಗೋಡೆಗೆ ತುದಿ ಹಿಡಿದು ಒಬ್ಬ ಕುಳಿತ, ಇನ್ನೊಬ್ಬಳು ಎಳೆದುಕೊಂಡು ಹೋದಳು, ಸೀಮೆಸುಣ್ಣದಿಂದ ಗುರುತು ಹಾಕಿದರು, ಮತ್ತೆ ಅಲ್ಲಿಂದ ಮುಂದಕ್ಕೆ. ಮೊದಲ ಅಂಗಡಿ 18 ಮೀಟರಿಗೆ, ಎರಡನೆಯದು 41ಕ್ಕೆ, ಮೂರನೆಯದು 62ಕ್ಕೆ. ಅವಳೇ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಮೂರನೆಯ ಅಂಗಡಿಯ ಕಾಕಾ ಹೊರಗೆ ಬಂದು, "ಏನವ್ವಾ ತಂಗಿ, ರಸ್ತೆ ಅಗಲ ಮಾಡುತ್ತಾರಾ?" ಎಂದು ಕೇಳಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ನಾನೊಬ್ಬನೇ ತೆಗೆದರೆ ಪಕ್ಕದವನು ಮಾರುತ್ತಾನೆ, ಎಲ್ಲರಿಗೂ ಹೇಳಿ" ಎಂದರು. ನನಗೆ ಆ ಮಾತು ನ್ಯಾಯವಾಗಿ ಕಂಡಿತು. ಮಕ್ಕಳಿಗೂ ಹಾಗೆಯೇ ಕಂಡಿರಬೇಕು, ಅಂದೇ ಮೂರೂ ಅಂಗಡಿಗಳಿಗೆ ಒಟ್ಟಾಗಿ ಹೋಗಿ ಬಂದರು.

ಇಲ್ಲಿ ಒಂದು ಎಚ್ಚರಿಕೆ. ಮಕ್ಕಳನ್ನು ಅಂಗಡಿಯವರ ಮೇಲೆ ಜಗಳಕ್ಕೆ ಕಳುಹಿಸಬಾರದು, ಗುಟ್ಟಾಗಿ ಖರೀದಿಸಿ ತರಲು ಅಂತೂ ಹೇಳಲೇಬಾರದು. ಅಳೆಯುವುದು, ಬರೆಯುವುದು, ಕೇಳುವುದು ಅವರದು. ದೂರು ಕೊಡುವುದು, ಅಧಿಕಾರಿಗಳನ್ನು ಬೆನ್ನುಹತ್ತುವುದು ದೊಡ್ಡವರ ಹೊಣೆ. ಶಾಲೆಗಳಿಗಾಗಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಲ್ಲಿ ತಂಬಾಕುಮುಕ್ತ ವಲಯ ಎಲ್ಲಿಯವರೆಗೆ ಎಂದು ತೋರಿಸಲು ಶಾಲೆಯ ಹೊರಗೆ ಹಳದಿ ಗೆರೆ ಎಳೆಯುವ, ವಿದ್ಯಾರ್ಥಿಗಳನ್ನೇ ತಂಬಾಕು ಮಾನಿಟರ್ ಮಾಡುವ ಮಾತು ಇದೆ. ಮುಖ್ಯೋಪಾಧ್ಯಾಯರು ಅದನ್ನು ಕಡತದಿಂದ ಹೊರಗೆ ತೆಗೆಯಬೇಕು.

ಇನ್ನು ಆ ನೋಟುಬುಕ್ಕು ಎಲ್ಲಿಗೆ ಹೋಗಬೇಕು? ಮಕ್ಕಳ ಗ್ರಾಮಸಭೆಗೆ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳೇ ಎದ್ದು ನಿಂತು ಪ್ರಶ್ನೆ ಕೇಳುವ ಸಭೆ ಅದು. ಶೌಚಾಲಯ, ಕುಡಿಯುವ ನೀರಿನ ಜೊತೆಗೆ "18 ಮೀಟರಿಗೆ ತಂಬಾಕು ಮಾರಲು ಯಾರು ಬಿಟ್ಟರು?" ಎಂದು ಒಬ್ಬ ಹುಡುಗಿ ಕೇಳಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಉತ್ತರ ಕೊಡಬೇಕಾಗುತ್ತದೆ. ಒಗ್ಗಟ್ಟಾಗಿ ಕೇಳುವುದು ನಮ್ಮ ನೆಲಕ್ಕೆ ಹೊಸದಲ್ಲ. 1981ರಲ್ಲಿ ಇದೇ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತರು, ಗೋಲಿಬಾರಿನಲ್ಲಿ ಪ್ರಾಣ ಕೊಟ್ಟರು. ವಖಾರಿಯ ಹೆಣ್ಣುಮಕ್ಕಳೂ ಸಂಘ ಕಟ್ಟಿದರು. ತಂಬಾಕಿನ ಚಟದ ವಿರುದ್ಧ ಇಂದು ಮಾತನಾಡುವ ಮಕ್ಕಳು ಆ ರೈತರ, ಆ ಕೂಲಿಕಾರರ ಮೊಮ್ಮಕ್ಕಳು. ಬೇರೆ ಬೆಳೆಗೆ ಹೊರಳಲು ರೈತನಿಗೆ, ಬೇರೆ ಕೆಲಸಕ್ಕೆ ಹೋಗಲು ಬೀಡಿ ಕಟ್ಟುವ ತಾಯಿಗೆ ನೆರವು ಬೇಕು ಎಂದು ಕೇಳುವುದೂ ಇದೇ ಹೋರಾಟದ ಭಾಗ ಎಂದು ಅವರಿಗೆ ಹೇಳಿಕೊಡಬೇಕು.

ಟೇಪು ಹಿಡಿದ ಆ ಹುಡುಗಿಯ ವಿಷಯ ಇನ್ನೊಂದಿದೆ. ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಟ್ಟು ನೋಡುವುದನ್ನು ಮಕ್ಕಳಿಗೆ ತೋರಿಸಿಕೊಟ್ಟಿದ್ದೆ. ಅಡಿಕೆ, ಗುಟಕಾ ಅಗಿಯುವವರ ಬಾಯಿ ಬರಬರುತ್ತ ಬಿಗಿಯುತ್ತದೆ, ಮೂರು ಬೆರಳು ಹೋಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅವಳು ಮನೆಗೆ ಹೋಗಿ ಎಲ್ಲರ ಬಾಯಿ ನೋಡಿದ್ದಾಳೆ. ಅಜ್ಜಿ, ಅವಳು ಆಯಿ ಎನ್ನುತ್ತಾಳೆ, ಹೆಂಚಿನ ಮೇಲೆ ತಂಬಾಕು ಹುರಿದು ಮಿಶ್ರಿ ಮಾಡಿ ಹಲ್ಲಿಗೆ ತಿಕ್ಕುವವರು. ಆಯಿಯ ಬಾಯಿ ಸರಿಯಾಗಿಯೇ ತೆರೆಯಿತು. ಇಪ್ಪತ್ತೆರಡು ವರ್ಷದ ಅಣ್ಣನಿಗೆ ಎರಡೇ ಬೆರಳು ಹೋದವು. ಈಗ ಅವನು ಆಸ್ಪತ್ರೆಗೆ ಹೋಗುತ್ತಿದ್ದಾನೆ. ಚಟ ಬಿಡಲು ನೆರವು ಕೊಡುವ 1800-11-2356ಕ್ಕೆ ಫೋನ್ ಹಚ್ಚಿ ಕೊಟ್ಟವಳು ತಂಗಿಯೇ. ಕರೆಗೆ ದುಡ್ಡು ಬೀಳುವುದಿಲ್ಲ, ನೀವೂ ಬರೆದಿಟ್ಟುಕೊಳ್ಳಿ.

ಈ ಸಲ ನಿಮ್ಮ ಊರಿನ ಶಾಲೆಯಲ್ಲಿ ಅಳೆಯುವುದಾದರೆ ನನಗೆ ತಿಳಿಸಿ. ಟೇಪು ಇಲ್ಲದಿದ್ದರೆ ನಾನೇ ತಂದು ಕೊಡುತ್ತೇನೆ.