ಜಿಮ್ಮಿ ಕಾರ್ಟರ್: ಬೋಲ್ಟು, ಹೆಲಿಕಾಪ್ಟರು, ನಾರುಹುಣ್ಣು

ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಕಡಲೆಕಾಯಿ. ಸುಳ್ಳೇನಲ್ಲ. 1924ರ ಅಕ್ಟೋಬರ್ 1ರಂದು ಜಾರ್ಜಿಯಾದ ಪ್ಲೇನ್ಸ್ ಅನ್ನೋ ಪುಟ್ಟ ಊರಲ್ಲಿ ಹುಟ್ಟಿದ್ರು, 1953ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಲ್ಲಿಗೇ ವಾಪಸ್ ಬಂದು ಕಡಲೆಕಾಯಿ ವ್ಯವಹಾರ ನೋಡಿಕೊಂಡ್ರು. ಅದಕ್ಕೂ ಮುಂಚೆ ಅವರು ನೌಕಾಪಡೆಯ ಸಬ್‌ಮರೀನ್ ಅಧಿಕಾರಿ. ಈ ಮನುಷ್ಯನ ಕೆಲಸದ ರೀತಿ ಗೊತ್ತಾಗ್ಬೇಕಂದ್ರೆ ಕೆನಡಾದ ಒಂದು ಟೆನಿಸ್ ಅಂಗಳಕ್ಕೆ ಹೋಗ್ಬೇಕು.

1952ರ ಡಿಸೆಂಬರ್ 12. ಚಾಕ್ ರಿವರ್‌ನ ಎನ್‌ಆರ್‌ಎಕ್ಸ್ ಅನ್ನೋ ಪರಮಾಣು ರಿಯಾಕ್ಟರ್‌ನಲ್ಲಿ ಇಂಧನ ಕರಗಿ, ವಿಕಿರಣ ಬೆರೆತ ನೀರು ನೆಲಮಾಳಿಗೆ ತುಂಬಿಕೊಳ್ತು. ಆ ರಿಯಾಕ್ಟರನ್ನ ಬಿಚ್ಚೋಕೆ ಹೋದವರಲ್ಲಿ 28 ವರ್ಷದ ಲೆಫ್ಟಿನೆಂಟ್ ಕಾರ್ಟರ್ ತಂಡವೂ ಇತ್ತು. ಒಳಗೆ ಒಬ್ಬರು ಇರಬಹುದಾಗಿದ್ದು ಹೆಚ್ಚೂಕಡಿಮೆ 90 ಸೆಕೆಂಡ್. ಸ್ಪ್ಯಾನರ್ ಎಲ್ಲಿ ಹಿಡೀಬೇಕು ಅಂತ ಅಲ್ಲಿ ನಿಂತು ಯೋಚಿಸೋಕೆ ಪುರುಸೊತ್ತಿಲ್ಲ. ಅದಕ್ಕೇ ಪಕ್ಕದ ಟೆನಿಸ್ ಅಂಗಳದಲ್ಲಿ ರಿಯಾಕ್ಟರ್‌ನ ನಕಲು ಕಟ್ಟಿ ಅಭ್ಯಾಸ ಮಾಡಿದ್ರು. ಒಳಗೆ ಒಂದು ಬೋಲ್ಟ್ ಬಿಚ್ಚಿದ್ರೆ ನಕಲಿನಲ್ಲೂ ಅದೇ ಬೋಲ್ಟ್ ತೆಗೀತಿದ್ರು. ಮುಂದೆ ಹೋಗೋನಿಗೆ ಏನು ಉಳಿದಿದೆ ಅಂತ ಕಣ್ಣಿಗೇ ಕಾಣ್ತಿತ್ತು. ಆಮೇಲೆ ಆರು ತಿಂಗಳು ಕಾರ್ಟರ್ ಮೂತ್ರದಲ್ಲಿ ವಿಕಿರಣ ಇತ್ತಂತೆ.

ರಾಜಕೀಯದ ಮೆಟ್ಟಿಲುಗಳನ್ನ ಬೇಗ ಹತ್ತಿಬಿಡೋಣ. 1963ರಲ್ಲಿ ಜಾರ್ಜಿಯಾ ಸೆನೆಟ್, 1971ರಲ್ಲಿ ಗವರ್ನರ್, 1976ರಲ್ಲಿ ಜೆರಾಲ್ಡ್ ಫೋರ್ಡ್ ಎದುರು 297-240 ಎಲೆಕ್ಟೋರಲ್ ಮತಗಳಿಂದ (ರಾಜ್ಯವಾರು ಪ್ರತಿನಿಧಿಗಳ ಮತ) ಗೆದ್ದು ಅಧ್ಯಕ್ಷ. 1978ರ ಸೆಪ್ಟೆಂಬರ್‌ನಲ್ಲಿ ಈಜಿಪ್ಟ್‌ನ ಸಾದತ್, ಇಸ್ರೇಲ್‌ನ ಬೆಗಿನ್ ಇಬ್ಬರನ್ನೂ ಅಮೆರಿಕದ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಕೂರಿಸಿಕೊಂಡ್ರು. ಎದುರುಬದುರು ಕೂತ್ರೆ ಜಗಳ. ಹಾಗಾಗಿ ಕರಡು ಹಿಡ್ಕೊಂಡು ಇವರೇ ಒಬ್ಬರ ಹತ್ತಿರದಿಂದ ಇನ್ನೊಬ್ಬರ ಹತ್ತಿರ ಓಡಾಡಿದ್ರು. ಮರುವರ್ಷ ಮಾರ್ಚ್ 26ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು.

ಲೆಕ್ಕ ಕೈಕೊಟ್ಟಿದ್ದು ಇರಾನ್‌ನಲ್ಲಿ. ಟೆಹ್ರಾನ್‌ನ ಅಮೆರಿಕ ರಾಯಭಾರ ಕಚೇರಿಯಲ್ಲಿ ಒತ್ತೆಯಾಗಿದ್ದವರನ್ನ ಬಿಡಿಸೋಕೆ 1980ರ ಏಪ್ರಿಲ್ 24ರಂದು 8 ಹೆಲಿಕಾಪ್ಟರ್ ಹೊರಟವು. ಕೆಲಸಕ್ಕೆ ಕನಿಷ್ಠ 6 ಬೇಕು. ಒಂದರ ರೆಕ್ಕೆ ಬಿರುಕು ಬಿಟ್ಟಿದೆ ಅಂತ ಎಚ್ಚರಿಕೆ ದೀಪ ಹತ್ತಿ ದಾರೀಲೇ ಬಿಡಬೇಕಾಯ್ತು, ಇನ್ನೊಂದು ಧೂಳಿನ ಮೋಡಕ್ಕೆ ಸಿಕ್ಕಿ ಹಿಂದಿರುಗಿತು, ಮೂರನೇದು ಮರುಭೂಮಿಗೆ ಇಳಿಯೋ ಹೊತ್ತಿಗೆ ಹೈಡ್ರಾಲಿಕ್ ಕೆಟ್ಟಿತ್ತು. ಉಳಿದಿದ್ದು 5. ರದ್ದು ಮಾಡಿ ಹೊರಡೋವಾಗ ಒಂದು ಹೆಲಿಕಾಪ್ಟರ್ ಇಂಧನ ತಂದಿದ್ದ ವಿಮಾನಕ್ಕೆ ಬಡಿದು 8 ಜನ ಸತ್ರು. ಇನ್ನೊಂದೇ ಒಂದು ಹೆಲಿಕಾಪ್ಟರ್ ಕಳಿಸಬೇಕಿತ್ತು ಅಂತ 2015ರಲ್ಲೂ ಕಾರ್ಟರ್ ಹಳಹಳಿಸಿದ್ರು. 1980ರ ನವೆಂಬರ್ ಚುನಾವಣೆಯಲ್ಲಿ ಎದುರಾಳಿ ರೇಗನ್‌ಗೆ 489 ಎಲೆಕ್ಟೋರಲ್ ಮತ, ಇವರಿಗೆ 49.

ನಮ್ಮ ಪ್ರಕಾರ ಅವರ ದೊಡ್ಡ ಕೆಲಸ ಶುರುವಾಗಿದ್ದು ಸೋತ ಮೇಲೆ. ನಾರುಹುಣ್ಣು. ನಮ್ಮ ಕಡೆಯ ಹಿರಿಯರಿಗೆ ಈ ಹೆಸರು ಗೊತ್ತಿರುತ್ತೆ. ಈ ರೋಗ ಇದ್ದ ಭಾರತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೆರೆ, ಮೆಟ್ಟಿಲುಬಾವಿ ನೀರಿನಲ್ಲಿರೋ ಸಣ್ಣ ನೀರುಚಿಗಟದೊಳಗೆ ಮರಿಹುಳ ಇರುತ್ತೆ. ಆ ನೀರು ಕುಡಿದ್ರೆ ಸುಮಾರು ಒಂದು ವರ್ಷದ ಮೇಲೆ, ಹೆಚ್ಚಾಗಿ ಕಾಲಿನಲ್ಲಿ, ಬೊಬ್ಬೆ ಎದ್ದು ಒಂದು ಮೀಟರ್‌ವರೆಗಿನ ಹುಳ ಹೊರಬರುತ್ತೆ. ಉರಿ ತಡೀಲಾರದೆ ಕಾಲನ್ನ ನೀರಿಗೆ ಇಳಿಸ್ತಾರೆ. ಹುಳ ಅಲ್ಲೇ ಸಾವಿರಾರು ಮರಿ ಬಿಡುತ್ತೆ. ಮತ್ತೆ ಅದೇ ಚಕ್ರ.

ಇದಕ್ಕೆ ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ಹುಳವನ್ನ ಕಡ್ಡಿಗೆ ಸುತ್ತಿ ದಿನಕ್ಕೆ ಕೆಲವೇ ಸೆಂಟಿಮೀಟರ್ ಎಳೀಬೇಕು. ಅವಸರ ಮಾಡಿ ತುಂಡಾದ್ರೆ ಒಳಗೇ ಉಳಿದು ಕೀವಾಗುತ್ತೆ. ತಡೆಯೋದು ಮಾತ್ರ ಸುಲಭ: ಕುಡಿಯೋ ನೀರನ್ನ ಸಣ್ಣ ಕಣ್ಣಿನ ನೈಲಾನ್ ಬಟ್ಟೇಲಿ ಸೋಸೋದು, ಹೊಲಕ್ಕೆ ಹೋಗೋವಾಗ ಕೊರಳಿಗೆ ಸೋಸುಕೊಳವೆ, ಕೆರೆಗೆ ನೀರುಚಿಗಟ ಕೊಲ್ಲೋ ಟೆಮೆಫಾಸ್ ಅನ್ನೋ ರಾಸಾಯನಿಕ, ಹುಣ್ಣಿದ್ದವರನ್ನ ನೀರಿಗಿಳಿಯದ ಹಾಗೆ ನೋಡಿಕೊಳ್ಳೋದು. ಬಟ್ಟೆ ಹರಿದಿದ್ರೆ ಸೋಸಿಯೂ ಪ್ರಯೋಜನವಿಲ್ಲ. ನಮ್ಮಲ್ಲಿ ಸರ್ಕಾರವೇ ಮೆಟ್ಟಿಲುಬಾವಿಗಳನ್ನ ಸೇದೋ ಬಾವಿಗಳಾಗಿ ಬದಲಿಸ್ತು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ಪ್ರಮಾಣಪತ್ರ ಬಂತು.

ಕಾರ್ಟರ್ ಕಟ್ಟಿದ ಸಂಸ್ಥೆ ಕಾರ್ಟರ್ ಸೆಂಟರ್ 1986ರಲ್ಲಿ ಕೈಹಾಕಿದಾಗ ವರ್ಷಕ್ಕೆ ಅಂದಾಜು 35 ಲಕ್ಷ ಜನಕ್ಕೆ ಈ ರೋಗ ಬರ್ತಿತ್ತು. 1995ರಲ್ಲಿ ಸುಡಾನ್‌ನ ಅಂತರ್ಯುದ್ಧವನ್ನೇ ಕಾರ್ಟರ್ ತಿಂಗಳುಗಟ್ಟಲೆ ನಿಲ್ಲಿಸಿದ್ರು, ಸೋಸೋ ಬಟ್ಟೆ ಹಂಚೋಕೆ. ಕೊನೇ ಹುಳ ನನಗಿಂತ ಮೊದಲು ಸಾಯಲಿ ಅನ್ನೋದು ಅವರ ಆಸೆ. 2024ರ ಡಿಸೆಂಬರ್ 29ರಂದು, ನೂರು ತುಂಬಿದ ಮೇಲೆ, ಅವರು ತೀರಿಕೊಂಡ ವರ್ಷ ಸಿಕ್ಕ ರೋಗಿಗಳು 15. ಈಗ ತಲೆನೋವು ನಾಯಿಗಳದ್ದು. ಹುಳ ಅವುಗಳಲ್ಲೂ ಸೇರಿಕೊಂಡಿದೆ. ಚಾಡ್ ದೇಶದ ಹಳ್ಳಿಗಳಲ್ಲಿ ನಾಯಿ ಕಟ್ಟಿಹಾಕಿ, ಮರಿಹುಳ ಇರಬಹುದಾದ ಮೀನಿನ ಕರುಳನ್ನ ಅವಕ್ಕೆ ಸಿಗದ ಹಾಗೆ ಹೂಳ್ತಿದ್ದಾರೆ.