ಕಲಿಯುವ ಸಭೆ, ಆದರಿಸುವ ಸಭೆ

ಶ್ರೋತೃಗಳಿಗೆ ನಮಸ್ಕಾರ.

ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಆದಿಸಭೆಯೊಳಗೆ, ಅಂದರೆ ಮೊದಲ ಕ್ರೈಸ್ತ ವಿಶ್ವಾಸಿಗಳ ಸಮುದಾಯದೊಳಗೆ, ಎದ್ದ ಒಂದು ತಕರಾರಿನ ವಿವರವಿದೆ. ದಿನದಿನದ ಆಹಾರ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷೆಯನ್ನಾಡುವ ವಿಶ್ವಾಸಿಗಳು ಗೊಣಗಿದಾಗ, ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಲಾಯಿತು. ವಾಕ್ಯೋಪದೇಶ ಅಪೊಸ್ತಲರಿಗೆ, ಊಟದ ಮೇಲ್ವಿಚಾರಣೆ ಈ ಏಳು ಮಂದಿಗೆ ಎಂದು ಸೇವೆ ಅಂದೇ ಎರಡು ಪಾಲಾಯಿತೆಂದು ಹೇಳುವವರಿದ್ದಾರೆ. ಆದರೆ ಮುಂದಿನ ಅಧ್ಯಾಯದಲ್ಲಿಯೇ, ಆ ಏಳು ಮಂದಿಯಲ್ಲಿ ಮೊದಲ ಹೆಸರಿನವನಾದ ಸ್ತೆಫನನು ನ್ಯಾಯಸಭೆಯ ಮುಂದೆ ನಿಂತು, ಅಬ್ರಹಾಮನಿಂದ ಸೊಲೊಮೋನನವರೆಗಿನ ತನ್ನ ಜನರ ಚರಿತ್ರೆಯನ್ನೆಲ್ಲ ಎಡೆಬಿಡದೆ ನಿರೂಪಿಸುತ್ತಾನೆ. ಅವರಲ್ಲಿ ಇನ್ನೊಬ್ಬನಾದ ಫಿಲಿಪ್ಪನು, ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಗೆ ಅದರ ಅರ್ಥವನ್ನು ಬಿಡಿಸಿ ಹೇಳುತ್ತಾನೆ. ವಿಧವೆಯರ ಊಟ ನೋಡಿಕೊಳ್ಳಲು ನೇಮಕವಾದವರು ಶಾಸ್ತ್ರವನ್ನು ಅಷ್ಟು ಬಲ್ಲವರಾಗಿದ್ದರು.

ಇಂದು ನಮ್ಮ ಅನೇಕ ಸಭೆಗಳಲ್ಲಿ ಇವೆರಡೂ ಬೇರೆ ಬೇರೆ ಖಾತೆಗಳಾಗಿಬಿಟ್ಟಿವೆ. ಕಲಿಸುವುದು ಸಂಡೇ ಸ್ಕೂಲಿನ ಪಾಲಿಗೆ ಬಂದಿದೆ. ಕಷ್ಟಸುಖ ವಿಚಾರಿಸುವುದು ಸಭಾಪಾಲಕರಿಗೂ ಸ್ತ್ರೀಯರ ಅನ್ಯೋನ್ಯ ಕೂಟದ ನಾಲ್ಕಾರು ಹಿರಿಯ ತಾಯಂದಿರಿಗೂ ಸೇರಿದ್ದೆಂದು ಉಳಿದವರು ಸುಮ್ಮನಿದ್ದಾರೆ. ಈ ಅಗಲಿಕೆಯಿಂದ ಎರಡೂ ಕೆಲಸಗಳು ಸೊರಗಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನೆಲೆಯಿದ್ದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಕರಾವಳಿಯಲ್ಲಿ ಕಟ್ಟಿದ ಸಭೆಗಳ ಚರಿತ್ರೆ ಈ ವಿಷಯದಲ್ಲಿ ನಮಗೆ ಬಹಳಷ್ಟನ್ನು ಹೇಳುತ್ತದೆ. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದದ್ದು 1834ರ ಅಕ್ಟೋಬರಿನಲ್ಲಿ. ಅವರ ಬೋಧನೆ ಕೇಳಿ ದೀಕ್ಷಾಸ್ನಾನ ಪಡೆದವರು ಅದೇ ದಿನ ಜಾತಿಯ ಆಸರೆಯನ್ನು ಕಳೆದುಕೊಳ್ಳುತ್ತಿದ್ದರು. ಹಲವರಿಗೆ ಮನೆ, ಗೇಣಿಯ ಭೂಮಿ, ಕುಲಕಸುಬು ಎಲ್ಲವೂ ಒಟ್ಟಿಗೇ ಕೈತಪ್ಪುತ್ತಿತ್ತು. ಶೇಂದಿ ಇಳಿಸುವ ಕಸುಬನ್ನು ಬಿಡಬೇಕೆಂದು ಕಲಿಸಿದ ಮೇಲೆ, ಬಿಟ್ಟವನ ಮನೆಯ ಒಲೆ ಉರಿಯುವುದು ಹೇಗೆಂಬ ಪ್ರಶ್ನೆಗೂ ಕಲಿಸಿದವರೇ ಉತ್ತರ ಹುಡುಕಬೇಕಾಯಿತು. 1841ರಲ್ಲಿ ಆರಂಭವಾದ ಅಚ್ಚುಕೂಟ, ನಂತರದ ನೇಯ್ಗೆ ಶಾಲೆ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತೊಡಗಿದ ಹಂಚಿನ ಕಾರ್ಖಾನೆ ಇವೆಲ್ಲ ಈ ಹುಡುಕಾಟದ ಫಲಗಳು. ಊರೂರುಗಳ ಮಾಡನ್ನು ಹೊದಿಸಿದ ಮಂಗಳೂರು ಹಂಚಿನ ಹಿಂದೆ ಇಂಥ ಒಂದು ಸಭೆಯ ಹೊಣೆಗಾರಿಕೆ ಇತ್ತೆಂಬುದನ್ನು ನಾವು ನೆನೆಯುವುದು ಕಡಿಮೆ.

ಈ ವ್ಯವಸ್ಥೆಗೆ ಒಂದು ಕೊರತೆಯೂ ಇತ್ತು. ಕಾರ್ಖಾನೆಯ ಒಡೆತನ, ಶಾಲೆಯ ಆಡಳಿತ, ಸಭೆಯ ಶಿಸ್ತು ಮೂರೂ ಮಿಷನ್ನಿನ ಕೈಯಲ್ಲೇ ಇದ್ದುದರಿಂದ, ಆರೈಕೆ ಮೇಲಿನಿಂದ ಇಳಿದು ಬರುವ ವಸ್ತುವೆಂದು ಜನರು ಭಾವಿಸುವ ಅಭ್ಯಾಸ ಬೆಳೆಯಿತು. ಒಂದನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರವು ಬಂಧನದಲ್ಲಿಟ್ಟು ದೇಶದಿಂದ ಕಳುಹಿಸಿತು. ಕೈಗಾರಿಕೆಗಳು ಬೇರೊಂದು ಸಂಸ್ಥೆಯ ವಶವಾದವು. ಆಗ ಸಭೆಗಳನ್ನು ಹಿಡಿದು ನಿಲ್ಲಿಸಿದವರು ಇಲ್ಲಿಯವರೇ ಆದ ಸಭಾಪಾಲಕರು, ಉಪದೇಶಿಗಳು ಮತ್ತು ಶಾಲಾ ಶಿಕ್ಷಕರು. ಅವರ ಬಳಿ ಹಣವಿರಲಿಲ್ಲ, ಕಲಿತ ವಿದ್ಯೆ ಇತ್ತು, ಯಾವ ಮನೆಯಲ್ಲಿ ಏನು ಕೊರತೆ ಎಂಬ ತಿಳಿವಳಿಕೆಯಿತ್ತು.

ಆ ತಿಳಿವಳಿಕೆ ಇಂದಿಗೂ ಹುಟ್ಟುವುದು ತರಗತಿಯಲ್ಲಿ ಎಂದು ನಾನು ನಂಬುತ್ತೇನೆ. ಒಂದು ಸಣ್ಣ ಊರಿನ ಸಂಡೇ ಸ್ಕೂಲಿನಲ್ಲಿ ಹಾಜರಿ ಪುಸ್ತಕವನ್ನು ಶಿಕ್ಷಕಿಯೊಬ್ಬರು ಬಳಸುತ್ತಿದ್ದ ರೀತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಕ್ಕಳು ಕಂಠಪಾಠದ ವಚನ ಒಪ್ಪಿಸುತ್ತಿರುವಾಗ ಅವರು ಬಂದವರ ಹೆಸರಿನ ಮುಂದೆ ಗುರುತು ಹಾಕುತ್ತಿದ್ದರು; ಗೈರುಹಾಜರಾದವರ ಸಾಲಿನಲ್ಲಿ ಪೆನ್ಸಿಲಿನಿಂದ ಕಾರಣವನ್ನು ಬರೆಯುತ್ತಿದ್ದರು. ‘ಜ್ವರ’, ‘ಅಜ್ಜಿಯ ಮನೆಗೆ’, ‘ಗೊತ್ತಿಲ್ಲ’. ಈ ‘ಗೊತ್ತಿಲ್ಲ’ ಎಂಬುದು ಎರಡು ಭಾನುವಾರ ಮುಂದುವರಿದರೆ, ಆರಾಧನೆ ಮುಗಿದ ಕೂಡಲೇ ಅವರು ಆ ಮನೆಯ ದಾರಿ ಹಿಡಿಯುತ್ತಿದ್ದರು. ತಂದೆಗೆ ಕೆಲಸ ಹೋದ ಸುದ್ದಿ, ಶಾಲೆಯ ಫೀಸು ಕಟ್ಟಲಾಗದ ಸಂಕಟ, ಗಂಡ ಹೆಂಡಿರ ನಡುವಿನ ಮುನಿಸು ಸಭಾಸಮಿತಿಗೆ ತಲುಪುವ ಎಷ್ಟೋ ಮೊದಲು ಆ ಪೆನ್ಸಿಲ್ ಬರಹದಲ್ಲಿ ಸುಳಿವು ಕೊಟ್ಟಿರುತ್ತಿದ್ದವು. ಕೇಳಿದ್ದನ್ನು ಅವರು ಊರಿಗೆ ಹರಡುತ್ತಿರಲಿಲ್ಲ. ಇದೂ ಕ್ರೈಸ್ತ ಶಿಕ್ಷಣದ ಭಾಗವೇ. ನೆರವಾಗುವ ನೆಪದಲ್ಲಿ ಇನ್ನೊಬ್ಬರ ಮಾನ ತೆಗೆಯಬಾರದೆಂಬುದನ್ನು ದೊಡ್ಡವರೂ ಕಲಿಯಬೇಕಾಗುತ್ತದೆ.

ದೊಡ್ಡವರ ಕಲಿಕೆಯ ಮಾತಿಗೆ ಬಂದರೆ ನನಗೆ ನಿಜವಾದ ಚಿಂತೆಯಿದೆ. ಹದಿಹರೆಯದಲ್ಲಿ ದೃಢೀಕರಣದ, ಅಂದರೆ ಸಭೆಯ ಪೂರ್ಣ ಸದಸ್ಯತ್ವಕ್ಕೆ ಸಿದ್ಧಗೊಳಿಸುವ, ತರಗತಿ ಮುಗಿಸಿ ಮೊದಲ ಸಲ ಕರ್ತನ ಭೋಜನದಲ್ಲಿ ಪಾಲುಗೊಂಡ ದಿನವೇ ಬಹುಪಾಲು ಜನರ ಧರ್ಮಶಿಕ್ಷಣ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಐವತ್ತು ವರ್ಷ ಅವರು ಪ್ರಸಂಗ ಕೇಳುತ್ತಾರೆ, ಆದರೆ ಪ್ರಶ್ನೆ ಕೇಳುವ, ತಮ್ಮ ಅನುಭವವನ್ನು ವಾಕ್ಯದ ಪಕ್ಕದಲ್ಲಿಟ್ಟು ಮಾತನಾಡುವ ಜಾಗ ಅವರಿಗೆ ದೊರೆಯುವುದಿಲ್ಲ. ಮಿಜೋರಾಮಿನ ಸಭೆಗಳಲ್ಲಿ ಹೀಗಿಲ್ಲ. ಅಲ್ಲಿ ಸಂಡೇ ಸ್ಕೂಲೆಂದರೆ ಮಕ್ಕಳ ಜೊತೆಗೆ ಅವರ ತಂದೆತಾಯಿ, ಅಜ್ಜಅಜ್ಜಿಯರೂ ತಮ್ಮ ತಮ್ಮ ತರಗತಿಗಳಲ್ಲಿ ಕೂರುವ ಸಮಯ. ಅದೇ ಸಭೆಗಳ ಹೆಂಗಸರು 1910ರಿಂದ, ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಸಭೆಗಾಗಿ ಬೇರೆ ತೆಗೆದಿಡುವ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಮುದುಕರಾಗುವವರೆಗೂ ಒಟ್ಟಿಗೆ ಕುಳಿತು ಓದುವ ಸಭೆಯಲ್ಲಿ ಇಂಥ ಪದ್ಧತಿ ಬೇರು ಬಿಟ್ಟಿತೆಂಬುದು ನನಗೆ ಆಶ್ಚರ್ಯದ ಸಂಗತಿಯಾಗಿ ಕಾಣುವುದಿಲ್ಲ.

ನಮ್ಮ ಊರುಗಳಲ್ಲಿ ಈಗ ಆರೈಕೆಯ ಅಗತ್ಯ ರೂಪ ಬದಲಿಸಿದೆ. ಮಕ್ಕಳು ಗಲ್ಫ್ ದೇಶಗಳಲ್ಲಿ, ಬೆಂಗಳೂರು ಮುಂಬಯಿಗಳಲ್ಲಿ ನೆಲೆಸಿದ್ದರಿಂದ, ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ವೃದ್ಧರು ಪ್ರತಿ ಸಭೆಯಲ್ಲೂ ಇದ್ದಾರೆ. ಅವರಿಗೆ ತಿಂಗಳ ಹಣಕ್ಕೆ ಕೊರತೆಯಿಲ್ಲ. ಕಣ್ಣು ಮಂಜಾದ ಮೇಲೆ ವೇದಪುಸ್ತಕವನ್ನು ಓದಿ ಹೇಳುವವರಿಲ್ಲ. ಇತ್ತ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಕನ್ನಡ ಬೈಬಲನ್ನು ತಡವರಿಸದೆ ಓದಲು ಬರುತ್ತಿಲ್ಲ. ದೃಢೀಕರಣಕ್ಕೆ ಸಿದ್ಧರಾಗುವ ಪ್ರತಿಯೊಬ್ಬರೂ ಆ ವರ್ಷವೆಲ್ಲ ಇಂಥ ಒಬ್ಬ ಹಿರಿಯರ ಮನೆಗೆ ವಾರಕ್ಕೊಮ್ಮೆ ಹೋಗಿ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಬೇಕೆಂದು ಸಭಾಸಮಿತಿಗಳು ಗೊತ್ತುಮಾಡಬಹುದು. ಉಚ್ಚಾರ ತಪ್ಪಿದಲ್ಲಿ ಅಜ್ಜಿಯೇ ತಿದ್ದುತ್ತಾರೆ, ಆ ವಚನ ತಮ್ಮ ಬದುಕಿನ ಯಾವ ಕಷ್ಟದಲ್ಲಿ ಕೈಹಿಡಿಯಿತೆಂದು ಹೇಳುತ್ತಾರೆ; ಔಷಧಿ ಮುಗಿದಿದ್ದರೆ ಹುಡುಗನ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಹೊಸ ಕಟ್ಟಡವಾಗಲಿ ನಿಧಿಯಾಗಲಿ ಬೇಡ. ಬರುವ ಜೂನ್ ತಿಂಗಳಲ್ಲಿ ತರಗತಿಗಳು ಮತ್ತೆ ಆರಂಭವಾಗುವ ಮೊದಲು, ಸಭಾಪಾಲಕರೂ ಸಂಡೇ ಸ್ಕೂಲಿನ ಶಿಕ್ಷಕರೂ ಒಂದು ಸಂಜೆ ಕುಳಿತು, ತಮ್ಮ ಸಭೆಯ ಒಂಟಿ ಹಿರಿಯರ ಪಟ್ಟಿಯನ್ನೂ ಹೊಸ ತರಗತಿಯ ಮಕ್ಕಳ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡರೆ ಸಾಕು.