1909ರ ಒಂದು ಕಾಲ್ಪನಿಕ ಯುದ್ಧನೌಕೆ: ತೂಕದ ಲೆಕ್ಕದಿಂದ ವಿನ್ಯಾಸ

ಎಲ್ಲರಿಗೂ ನಮಸ್ಕಾರ.

ಇತಿಹಾಸದಲ್ಲಿ ಇಲ್ಲದ ಒಂದು ಯುದ್ಧನೌಕೆಯನ್ನು ಇವತ್ತು ಕಾಗದದ ಮೇಲೆ ಕಟ್ಟೋಣ. ಕಾದಂಬರಿಗೋ ಆಟಕ್ಕೋ ಇಂಥ ಹಡಗನ್ನು ಕಲ್ಪಿಸುವವರು ಸಾಮಾನ್ಯವಾಗಿ ತೋಪುಗಳಿಂದ ಶುರು ಮಾಡುತ್ತಾರೆ. ಹನ್ನೆರಡು ತೋಪು ಬೇಕು, ದಪ್ಪ ಕವಚ ಬೇಕು, 25 ನಾಟ್ (ಗಂಟೆಗೆ ಸುಮಾರು 46 ಕಿಲೋಮೀಟರ್) ವೇಗವೂ ಬೇಕು. ಹಾಗೆ ಹುಟ್ಟಿದ ಹಡಗು ನೋಡಲು ಚೆನ್ನಾಗಿರುತ್ತದೆ, ಆದರೆ ತೇಲುವುದಿಲ್ಲ. ನಾವು ತೂಕದಿಂದ ಶುರು ಮಾಡೋಣ.

ಅದಕ್ಕೂ ಮೊದಲು ಇಸವಿ ಗೊತ್ತಾಗಬೇಕು. 1909 ಎಂದು ಇಟ್ಟುಕೊಳ್ಳೋಣ. ಸ್ಟೀಮ್ ಟರ್ಬೈನ್ (ಹಬೆಯ ರಭಸಕ್ಕೆ ತಿರುಗುವ ಎಂಜಿನ್) ಇರುವ ಬ್ರಿಟನ್ನಿನ ಡ್ರೆಡ್‌ನಾಟ್ ಯುದ್ಧನೌಕೆ 1906ರ ಡಿಸೆಂಬರಿನಲ್ಲೇ ನೌಕಾಪಡೆ ಸೇರಿದೆ, ಹಾಗಾಗಿ ನಾವೂ ಟರ್ಬೈನ್ ಧೈರ್ಯವಾಗಿ ಹಾಕಬಹುದು. ಬಾಯ್ಲರಿಗೆ ಮಾತ್ರ ಕಲ್ಲಿದ್ದಲೇ ಗತಿ. ಕಲ್ಲಿದ್ದಲಿನ ಮೇಲೆ ಒಂದಿಷ್ಟು ಎಣ್ಣೆ ಸಿಂಪಡಿಸಬಹುದು, ಅಷ್ಟೆ. ಎಲ್ಲ ತೋಪುಗಳನ್ನೂ ಒಂದೇ ಕಡೆಯಿಂದ ಗುರಿಯಿಟ್ಟು ಹಾರಿಸುವ ಡೈರೆಕ್ಟರ್ ವ್ಯವಸ್ಥೆಯನ್ನು ಬ್ರಿಟನ್ನಿನ ಥಂಡರರ್ ಮತ್ತು ಓರಿಯನ್ ಹಡಗುಗಳ ನಡುವೆ ಹೋಲಿಸಿ ನೋಡಿದ್ದು 1912ರ ನವೆಂಬರಿನಲ್ಲಿ. ನಮ್ಮ ಹಡಗಿನಲ್ಲಿ ಅದು ಇರಕೂಡದು.

ಆಮೇಲೆ ಡ್ರೈ ಡಾಕ್, ಅಂದರೆ ಹಡಗನ್ನು ಒಳಗೆ ತಂದು ನೀರು ಬಸಿದು ಕೆಲಸ ಮಾಡುವ ಕಟ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸ್ಪೇನ್ 1908ರ ಕಾನೂನಿನಂತೆ ಕಟ್ಟಿಸಿದ ಎಸ್ಪಾನ್ಯಾ ವರ್ಗದ ಹಡಗುಗಳು 140 ಮೀಟರ್ ಉದ್ದಕ್ಕೇ ನಿಂತದ್ದು ಇದ್ದ ಡಾಕ್ ಮತ್ತು ಇದ್ದ ಹಣ ಅಷ್ಟೇ ಆಗಿದ್ದರಿಂದ. ಅಷ್ಟರಲ್ಲೇ ಎಂಟು 12 ಇಂಚಿನ ತೋಪು ಹೊತ್ತವು. ಬದಲಿಗೆ ಪಕ್ಕದ ಕವಚ ಬರೀ 203 ಮಿಲಿಮೀಟರ್, ವೇಗ 19.5 ನಾಟ್. ನಿಮ್ಮ ಕಲ್ಪನೆಯ ದೇಶಕ್ಕೂ ಒಂದು ಡಾಕ್ ಕೊಡಿ, ಅದರ ಅಳತೆ ಬರೆದಿಡಿ.

ನಮ್ಮ ಹಡಗು 155 ಮೀಟರ್ ಉದ್ದ, 25 ಮೀಟರ್ ಅಗಲ, ನೀರೊಳಗೆ 8.2 ಮೀಟರ್ ಆಳ. ಇದೇ ಅಳತೆಯ ಪೆಟ್ಟಿಗೆಯಲ್ಲಿ ಹಡಗಿನ ಒಡಲು ತುಂಬುವುದು ಸುಮಾರು ಶೇ 58. ಎಲ್ಲ ಗುಣಿಸಿ, ಸಮುದ್ರದ ನೀರಿಗೆಂದು 1.025ರಿಂದ ಮತ್ತೆ ಗುಣಿಸಿದರೆ 18,900 ಟನ್. ನಮ್ಮ ಕೈಲಿರುವುದು ಇಷ್ಟೇ.

ಡ್ರೆಡ್‌ನಾಟ್‌ನ ಅಂದಾಜು ಪಾಲನ್ನೇ ಅನುಸರಿಸಿ ಹಂಚೋಣ. ಒಡಲಿಗೆ 6,430 ಟನ್, ಕವಚಕ್ಕೆ 5,290, ತೋಪು ಮತ್ತು ಮದ್ದುಗುಂಡಿಗೆ 3,210, ಯಂತ್ರಗಳಿಗೆ 2,170, ಕಲ್ಲಿದ್ದಲಿಗೆ 945, ಸಾಮಾನು ಸರಂಜಾಮಿಗೆ 660. ಉಳಿದ ಸುಮಾರು 190 ಟನ್ ಮುಟ್ಟಬೇಡಿ. ಹಡಗು ಕಟ್ಟುವಾಗ ತೂಕ ಏರುತ್ತಲೇ ಹೋಗುತ್ತದೆ, ಇಳಿದದ್ದು ಅಪರೂಪ.

ಕವಚದ ಲೆಕ್ಕವನ್ನು ಬಿಡಿಸಿ ನೋಡೋಣ, ಏಕೆಂದರೆ ಕಲ್ಪನೆಯ ಹಡಗುಗಳು ಮುಳುಗುವುದೇ ಇಲ್ಲಿ. ಒಂದು ಘನಮೀಟರ್ ಉಕ್ಕು 7.85 ಟನ್. ಮೊದಲ ಟರೆಟ್‌ನಿಂದ (ತೋಪುಗಳನ್ನು ಹೊತ್ತು ತಿರುಗುವ ಕವಚದ ಗೂಡು) ಕೊನೆಯ ಟರೆಟ್‌ವರೆಗೆ 110 ಮೀಟರ್ ಉದ್ದ, 4 ಮೀಟರ್ ಎತ್ತರ, 28 ಸೆಂಟಿಮೀಟರ್ ದಪ್ಪದ ಪಟ್ಟಿ ಎರಡೂ ಬದಿಗೆ ಸೇರಿ 1,930 ಟನ್. ಅದರ ಮೇಲೆ 15 ಸೆಂಟಿಮೀಟರಿನ, 2.2 ಮೀಟರ್ ಎತ್ತರದ ಇನ್ನೊಂದು ಪಟ್ಟಿ 570 ಟನ್. 4 ಸೆಂಟಿಮೀಟರಿನ ಕವಚದ ಡೆಕ್ 790. ಟರೆಟ್‌ಗಳು ಕೂರುವ ನಾಲ್ಕು ಬಾರ್ಬೆಟ್‌ಗಳು 1,310. ಹಿಂದೆ ಮುಂದೆ ಅಡ್ಡಗೋಡೆಗಳು 310. ಉಳಿಯುವುದು 380 ಟನ್. ಕಮಾಂಡರ್ ನಿಲ್ಲುವ ಕವಚದ ಕೋಣೆ, ಮೂತಿ ಮತ್ತು ಬಾಲದ ತೆಳು ಹಾಳೆಗಳು ಎಲ್ಲವೂ ಇದರಲ್ಲೇ ಆಗಬೇಕು. ಪಟ್ಟಿಯನ್ನು ಎರಡೇ ಸೆಂಟಿಮೀಟರ್ ದಪ್ಪ ಮಾಡಿದರೂ 138 ಟನ್ ಹೋಯಿತು.

ಈಗ ಯಾರಾದರೂ 24 ನಾಟ್ ಕೇಳುತ್ತಾರೆ. 21 ನಾಟಿಗೆ ಸುಮಾರು 23,600 ಅಶ್ವಶಕ್ತಿ ಸಾಕು. ಶಕ್ತಿ ವೇಗದ ಘನದಂತೆ ಏರುವುದರಿಂದ 24ಕ್ಕೆ 35,000 ದಾಟುತ್ತದೆ. ಆ ವೇಗದಲ್ಲಿ ಹಡಗೇ ಎಬ್ಬಿಸುವ ಅಲೆಗಳ ತಡೆ ಸೇರಿದರೆ ಇನ್ನೂ ಹೆಚ್ಚು. ಯಂತ್ರಗಳ ತೂಕ ಸಾವಿರ ಟನ್ನಿಗೂ ಮೇಲೆ ಏರಿತು. ಬಾಯ್ಲರ್ ಕೋಣೆಗಳು 12 ಮೀಟರ್ ಉದ್ದವಾದರೆ ಪಟ್ಟಿಯೂ ಅಷ್ಟೇ ಉದ್ದವಾಗಿ ಇನ್ನೂ 210 ಟನ್. ಇದನ್ನು ಎಲ್ಲಿಂದ ಕೊಡುತ್ತೀರಿ ಎಂದು ಹೇಳಲು ಸಾಧ್ಯವಾದರೆ ಮಾತ್ರ ವೇಗ ಕೇಳಬೇಕು. ಏಳು ಟರೆಟ್, ಹದಿನಾಲ್ಕು ತೋಪು ಹೊತ್ತ ಬ್ರಿಟನ್ನಿನ ಅಜಿನ್‌ಕೋರ್ಟ್ 27,500 ಟನ್ ಇದ್ದರೂ ಅದರ ಪಟ್ಟಿ 9 ಇಂಚಿಗೇ ನಿಂತಿತು.

ತೋಪುಗಳ ಜೋಡಣೆಯಲ್ಲಿ ನನ್ನ ಮತ ಅಮೆರಿಕದ ಸೌತ್ ಕ್ಯಾರೊಲೈನಾ ಪದ್ಧತಿಗೆ: ನಾಲ್ಕು ಜೋಡಿ ಟರೆಟ್, ಎಲ್ಲವೂ ನಡುಗೆರೆಯ ಮೇಲೆ, ಎರಡು ಟರೆಟ್ ತಮ್ಮ ಮುಂದಿನವುಗಳ ತಲೆ ಮೇಲಿಂದ ಹಾರಿಸುವಂತೆ ಎತ್ತರದಲ್ಲಿ. ಡ್ರೆಡ್‌ನಾಟ್‌ನ ಹತ್ತು ತೋಪುಗಳಲ್ಲಿ ಒಂದು ಬದಿಗೆ ಹಾರಿಸಬಹುದಾಗಿದ್ದದ್ದು ಎಂಟೇ. ನಮಗೆ ಎಂಟರಲ್ಲೂ ಎಂಟು ಸಿಗುತ್ತವೆ, ಒಂದು ಟರೆಟ್‌ನ ತೂಕವೂ ಉಳಿಯುತ್ತದೆ. ಆದರೆ ಮೇಲಿನ ಟರೆಟ್‌ನ ಸ್ಫೋಟದ ಹೊಡೆತ ಕೆಳಗಿನದರ ಚಾವಣಿಗೆ ಬಡಿಯುತ್ತದೆ. ಬ್ರಿಟಿಷ್ ಹಡಗುಗಳಲ್ಲಿ ಗುರಿ ನೋಡುವ ಕಿಂಡಿಗಳು ಚಾವಣಿಯಲ್ಲೇ ಇದ್ದುದರಿಂದ ಓರಿಯನ್‌ನ ಮೇಲಿನ ಟರೆಟ್ ನೇರ ಮುಂದಕ್ಕೆ ಹಾರಿಸುವಂತಿರಲಿಲ್ಲ. ನಮ್ಮ ಕಿಂಡಿಗಳನ್ನು ಪಕ್ಕದ ಗೋಡೆಯಲ್ಲಿ ಇಡೋಣ. ಎಲ್ಲ ತೋಪುಗಳ ಉದ್ದವೂ ಒಂದೇ ಇರಲಿ. ಜಪಾನಿನ ಕವಾಚಿ ವರ್ಗದಲ್ಲಿ ಹಿಂದೆ ಮುಂದೆ 50 ಕ್ಯಾಲಿಬರ್ (ಅಂದರೆ ಉದ್ದ ಬಾಯಿಯ ಅಗಲದ 50 ಪಟ್ಟು), ಪಕ್ಕಗಳಲ್ಲಿ 45 ಕ್ಯಾಲಿಬರ್ ತೋಪು ಹಾಕಿ, ಒಂದೇ ದೂರಕ್ಕೆ ಎರಡು ಲೆಕ್ಕ ಮಾಡುವಂತಾಯಿತು.

ಮಧ್ಯದಲ್ಲಿ, ಬಾಯ್ಲರ್ ಮತ್ತು ಎಂಜಿನ್ ಕೋಣೆಗಳ ನಡುವೆ, ಟರೆಟ್ ಇಡುವ ಆಸೆ ಬೇಡ. ಹಬೆಯ ಕೊಳವೆಗಳು ಮದ್ದಿನ ಕೋಣೆಯ ಪಕ್ಕದಲ್ಲೇ ಹಾಯಬೇಕಾಗುತ್ತದೆ. ಅಮೆರಿಕದ ಡೆಲವೇರ್ ಹಡಗಿನಲ್ಲಿ ಹೀಗಾಗಿ ಮೂರನೇ ಟರೆಟ್‌ನ ಮದ್ದು ಬಿಸಿಯಾಗುತ್ತಿತ್ತು. ಬಿಸಿಯಾದ ಮದ್ದು ಗುಂಡನ್ನು ಹೆಚ್ಚು ವೇಗದಲ್ಲಿ ತಳ್ಳುತ್ತದೆ, ಗುಂಡು ಲೆಕ್ಕ ಹಾಕಿದ ಜಾಗದಲ್ಲಿ ಬೀಳುವುದಿಲ್ಲ.

ಪಟ್ಟಿಯನ್ನು ಎಲ್ಲಿ ಕೂರಿಸಬೇಕು? ನೀರಿನ ಮಟ್ಟದಲ್ಲಿ ಹಡಗಿನ ಅಡ್ಡಕೊಯ್ತ ಸುಮಾರು 2,790 ಚದರ ಮೀಟರ್. ಅಂದರೆ ಪ್ರತಿ 28.6 ಟನ್ನಿಗೆ ಹಡಗು ಒಂದು ಸೆಂಟಿಮೀಟರ್ ಇಳಿಯುತ್ತದೆ. ಯುದ್ಧಕ್ಕೆ ಹೊರಡುವಾಗ ಇನ್ನೂ 1,600 ಟನ್ ಕಲ್ಲಿದ್ದಲು ತುಂಬಿದರೆ 56 ಸೆಂಟಿಮೀಟರ್ ಇಳಿಯಿತು. ಡ್ರೆಡ್‌ನಾಟ್‌ನ 11 ಇಂಚಿನ ಪಟ್ಟಿಯ ಮೇಲಂಚು ಸಾಮಾನ್ಯ ಹೊರೆಯಲ್ಲಿ ನೀರಿನಿಂದ ಎರಡೇ ಅಡಿ ಮೇಲಿತ್ತು. ಪೂರ್ತಿ ಹೊರೆಯಲ್ಲಿ ಒಂದು ಅಡಿಗೂ ಹೆಚ್ಚು ಮುಳುಗುತ್ತಿತ್ತು. ಆಗ ನೀರಿನ ಮಟ್ಟವನ್ನು ಕಾಯುತ್ತಿದ್ದದ್ದು 8 ಇಂಚಿನ ಮೇಲ್ಪಟ್ಟಿ ಮಾತ್ರ. ನಮ್ಮ ಪಟ್ಟಿ ನೀರಿನ ಮೇಲೆ 1.6 ಮೀಟರ್, ಕೆಳಗೆ 2.4 ಮೀಟರ್ ಇರಲಿ. ಪೂರ್ತಿ ಹೊರೆಯಲ್ಲೂ ಒಂದು ಮೀಟರ್ ಮೇಲೆ ಉಳಿಯುತ್ತದೆ.

ಹೊಗೆಯ ವಿಷಯ ಚಿಕ್ಕದು, ಆದರೆ ಮರೆಯಬಾರದು. ಗುಂಡು ಬಿದ್ದ ಜಾಗ ನೋಡಿ ಹೇಳುವವರು ಕೂವೆಕಂಬದ ಮೇಲೆ ಕೂರುತ್ತಾರೆ. ಡ್ರೆಡ್‌ನಾಟ್‌ನಲ್ಲಿ ಆ ಕಂಬ ಮುಂದಿನ ಚಿಮಣಿಯ ಹಿಂದಿತ್ತು. ಹಡಗು ಮುಂದೆ ಸಾಗಿದಂತೆ ಬಿಸಿ ಹೊಗೆ ಅವರ ಮುಖಕ್ಕೇ. ಓರಿಯನ್‌ನಲ್ಲೂ ಅದೇ ತಪ್ಪು. ನಮ್ಮ ಕಂಬ ಚಿಮಣಿಯ ಮುಂದೆ ನಿಲ್ಲಲಿ.

ಕೊನೆಗೆ ಸ್ಥಿರತೆ. ಈ ಅಗಲ, ಆಳಕ್ಕೆ ಮೆಟಾಸೆಂಟರ್ (ಹಡಗು ತುಸು ವಾಲಿದಾಗ ನೀರು ಮೇಲೆತ್ತುವ ಬಲದ ಗೆರೆ ನಡುಗೆರೆಯನ್ನು ಕೂಡುವ ಬಿಂದು; ಗುರುತ್ವ ಕೇಂದ್ರ ಇದಕ್ಕಿಂತ ಕೆಳಗಿದ್ದರೆ ಹಡಗು ಮತ್ತೆ ನೇರವಾಗುತ್ತದೆ) ತಳದಿಂದ ಸುಮಾರು 10.4 ಮೀಟರ್ ಎತ್ತರದಲ್ಲಿ ಬರುತ್ತದೆ. ಗುರುತ್ವ ಕೇಂದ್ರ 9 ಮೀಟರಿನಲ್ಲಿದ್ದರೆ ಅಂತರ 1.4 ಮೀಟರ್, ಒಳ್ಳೆಯದು. ಆದರೆ ನಾವು ಎರಡು ಟರೆಟ್ ಎತ್ತಿದ್ದೇವೆ. 450 ಟನ್ನಿನ ಟರೆಟ್ ಎರಡೂವರೆ ಮೀಟರ್ ಏರಿದರೆ ಕೇಂದ್ರ 6 ಸೆಂಟಿಮೀಟರ್ ಏರುತ್ತದೆ, ಉದ್ದವಾದ ಬಾರ್ಬೆಟ್‌ನ 130 ಟನ್ ಇನ್ನೊಂದು 4 ಸೆಂಟಿಮೀಟರ್ ಏರಿಸುತ್ತದೆ. ಎರಡಕ್ಕೂ ಸೇರಿ 20 ಸೆಂಟಿಮೀಟರ್ ನಷ್ಟ. ಅಗಲವನ್ನು 25.5 ಮೀಟರ್ ಮಾಡಿ ಆಳವನ್ನು 8.04ಕ್ಕೆ ಇಳಿಸಿದರೆ ಸುಮಾರು 27 ಸೆಂಟಿಮೀಟರ್ ವಾಪಸ್ ಬರುತ್ತದೆ. ಡಾಕಿನ ಬಾಗಿಲು ಅಷ್ಟು ಅಗಲ ಇದೆಯೇ ನೋಡಿಕೊಳ್ಳಿ. ಇದೇ ಖುಷಿಯಲ್ಲಿ ಇನ್ನೂ ಅಗಲಿಸಬೇಡಿ. ಅಂತರ 1.4 ಇದ್ದಾಗ ಹಡಗು ಒಮ್ಮೆ ಆಚೀಚೆ ಹೊರಳಲು 17 ಸೆಕೆಂಡ್ ಬೇಕು, 2.4 ಆದರೆ 13 ಸೆಕೆಂಡಿನಲ್ಲಿ ಹೊರಳುತ್ತದೆ, ಗುರಿ ಹಿಡಿಯುವವನಿಗೆ ಕಷ್ಟ. ಅಂತರ 1.2 ಮೀಟರಿಗಿಂತ ಕೆಳಗಿಳಿದರೆ ಮೊದಲು ಕೈ ಹಾಕಬೇಕಾದದ್ದು ಮೇಲ್ಪಟ್ಟಿಗೆ: ಅದರ 15 ಸೆಂಟಿಮೀಟರನ್ನು 12 ಮಾಡಿದರೆ ನೀರಿನ ಮಟ್ಟಕ್ಕಿಂತ ಮೇಲಿನ 114 ಟನ್ ಇಳಿಯುತ್ತದೆ.